ಹಲಗೆ ಹಾಸಿದವನ ಹೆಸರು ಬಿಲ್ಲಿನಲ್ಲಿಲ್ಲ

ಸಿದ್ದಾಪುರವೆಂದೊಡನೆ ನಮ್ಮ ಓದುಗರಲ್ಲಿ ಹಲವರಿಗೆ ಉತ್ತರ ಕನ್ನಡದ ಅಡಿಕೆ ತೋಟಗಳು ನೆನಪಾದಾವು. ನಾವು ಹೇಳಹೊರಟಿರುವುದು ಆ ಸಿದ್ದಾಪುರದ ಮಾತಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಬೆನ್ನಿಗೆ ಆತುಕೊಂಡು, ಜಯನಗರದ ಒಂದನೇ ಬ್ಲಾಕಿಗೆ ಮೈತಾಗಿಸಿಕೊಂಡು ಇನ್ನೊಂದು ಸಿದ್ದಾಪುರವುಂಟು. ಲಾಲ್‌ಬಾಗಿನ ಒಂದು ಬಾಗಿಲಿಗೆ ಇಂದಿಗೂ ಅದರದೇ ಹೆಸರು. ಸಸಿ ಬೆಳೆಸುವವರು, ಕುಂಡ ಮಾರುವವರು, ಕೂಲಿಯವರು ತುಂಬಿಕೊಂಡ ಊರು ಅದು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟವೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗುಂಡಿ ತೋಡಿದವರು, ನೀರು ಹೊತ್ತವರು ಯಾರೆಂದು ಯಾವ ಮೇಷ್ಟ್ರೂ ಹೇಳಲಿಲ್ಲ.

ಸಂಬಂಧಿಕರ ಮನೆಯ ಕೆಲಸಕ್ಕೆಂದು ಈಚೆಗೆ ಅಲ್ಲಿಗೆ ಹೋಗಿದ್ದಾಗ, ಸಸಿತೋಟವೊಂದರ ತಂತಿಬೇಲಿಗೆ ಕಟ್ಟಿದ್ದ ಬಣ್ಣದ ಕರಪತ್ರವೊಂದು ಕಣ್ಣಿಗೆ ಬಿತ್ತು. ನಗರದ ಮನೆಗಳಿಗೆ ವೃತ್ತಿಪರ ಉದ್ಯಾನ ಡೆಕ್ಕಿಂಗ್, ವಿನ್ಯಾಸದಿಂದ ಅಳವಡಿಕೆಯವರೆಗೆ ಎಲ್ಲವೂ ಒಂದೇ ಕಡೆ ಎಂಬ ಒಕ್ಕಣೆ. ಚಿತ್ರದಲ್ಲಿ ಬೆತ್ತದ ಕುರ್ಚಿ, ಕಾಫಿಯ ಬಟ್ಟಲು, ಕುಂಡದಲ್ಲೊಂದು ತಾಳೆ. ಮನುಷ್ಯರು ಯಾರೂ ಇರಲಿಲ್ಲ.

ಡೆಕ್ಕಿಂಗ್ ಎಂದರೇನೆಂದು ಗಿರಣಿಯ ಮಿತ್ರರು ಕೇಳಿಯಾರು. ಹಡಗಿನ ಮೇಲಟ್ಟಕ್ಕೆ ಇಂಗ್ಲಿಷಿನವರು ಡೆಕ್ ಎನ್ನುತ್ತಾರೆ. ಅದೇ ಬಗೆಯ ಹಲಗೆ ನೆಲವನ್ನು ಮನೆಯ ಮುಂದಿನ ಕೈತೋಟದಲ್ಲೋ ತಾರಸಿಯ ಮೇಲೋ ಹಾಸುವುದೇ ಡೆಕ್ಕಿಂಗ್. ಕೆಳಗೆ ಮರದ ಅಥವಾ ಕಬ್ಬಿಣದ ಚೌಕಟ್ಟು, ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಹಲಗೆ. ಹಲಗೆ ಹಲಗೆಯ ನಡುವೆ ಐದಾರು ಮಿಲಿಮೀಟರ್ ಸಂದು ಬಿಡಬೇಕು. ಮಳೆಗೆ ಉಬ್ಬುವ ಮರಕ್ಕೂ ಬಿಸಿಲಿಗೆ ಹಿಗ್ಗುವ ಪ್ಲಾಸ್ಟಿಕ್ಕಿಗೂ ಆ ಸಂದೇ ಉಸಿರು. ತುಕ್ಕು ಹಿಡಿಯದ ಸ್ಕ್ರೂ ಬೇಕು, ನೀರು ಹರಿದುಹೋಗಲು ಇಳಿಜಾರು ಬೇಕು, ಗೆದ್ದಲಿಗೆ ಔಷಧಿ ಬೇಕು, ಮರವಾದರೆ ವರ್ಷಕ್ಕೊಮ್ಮೆ ಎಣ್ಣೆ ಬೇಕು. ಒಂದು ಕಡೆ ಮಟ್ಟ ತಪ್ಪಿದರೆ ಮೂರನೆಯ ಮಳೆಗಾಲಕ್ಕೆ ಇಡೀ ನೆಲ ಡೊಂಕು. ಇದು ಆಟದ ಕೆಲಸವಲ್ಲ, ರಸಮಟ್ಟ ಹಿಡಿದು ಕೈ ಪಳಗಿದ ಬಡಗಿಯ ಕೆಲಸ.

ಹಾಗಾದರೆ ಕರಪತ್ರದ ‘ವೃತ್ತಿಪರ’ ಎಂಬ ಮಾತು ಯಾರನ್ನು ಕುರಿತದ್ದು? ವೃತ್ತಿಯುಳ್ಳವನು ಬಡಗಿ. ಗಂಟಿನ ಹಲಗೆ ಯಾವುದು, ಹಸಿ ಹಲಗೆ ಯಾವುದೆಂದು ಬೆರಳಿನಿಂದ ತಟ್ಟಿ ಹೇಳಬಲ್ಲವನು ಅವನೇ. ಆದರೆ ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೆಗೆದುಕೊಟ್ಟವರು ವೃತ್ತಿಪರರು, ಆ ಚಿತ್ರವನ್ನು ನೆಲಕ್ಕಿಳಿಸಿದವನು ‘ಲೇಬರ್’! ಅವನಿಂದ ಕಸಿದಿರುವುದು ಕೂಲಿಯೊಂದೇ ಅಲ್ಲ, ಅವನ ಕಸುಬಿನ ಹೆಸರನ್ನೂ ಕಸಿದಿದ್ದಾರೆ.

ಇದು ಬರಿಯ ಮಾತಿನ ಜಗಳವೆನ್ನುವ ಮಹನೀಯರಿಗಾಗಿ ಲೆಕ್ಕವನ್ನೇ ಮುಂದಿಡುತ್ತೇವೆ. ಜಯನಗರದ ಮನೆಯೊಂದರ ಬಿಲ್ಲನ್ನು ಆ ಮನೆಯ ಹಿರಿಯರು, ನಿವೃತ್ತ ಬ್ಯಾಂಕ್ ನೌಕರರು, ಮುಚ್ಚುಮರೆಯಿಲ್ಲದೆ ತೋರಿಸಿದರು. 200 ಚದರಡಿಯ ಹಲಗೆ ನೆಲ. ಚದರಡಿಗೆ 600 ರೂಪಾಯಿಯಂತೆ 1,20,000. ವಿನ್ಯಾಸ ಮತ್ತು ಮೇಲ್ವಿಚಾರಣೆಗೆ 20,000. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 25,200. ಒಟ್ಟು 1,65,200 ರೂಪಾಯಿ. ಅದೇ ನೆಲವನ್ನು ಹಾಸಿದ ಮೂವರನ್ನು ಸಿದ್ದಾಪುರದ ಚಹಾ ಅಂಗಡಿಯಲ್ಲಿ ಕಂಡು ಕೇಳಿದೆವು. ಅವರಿಗೆ ಸಿಕ್ಕಿದ್ದು ಚದರಡಿಗೆ 60ರಂತೆ 12,000 ರೂಪಾಯಿ. ಮೂವರು ಐದು ದಿನ ಬಗ್ಗಿ ದುಡಿದದ್ದಕ್ಕೆ ತಲಾ ದಿನಕ್ಕೆ 800. ಅದರಲ್ಲಿ ಗರಗಸದ ಬ್ಲೇಡು, ಡ್ರಿಲ್ಲಿನ ಮೊನೆ, ಉಜ್ಜುವ ಕಾಗದ, ಯಂತ್ರ ಹೊತ್ತುತಂದ ಆಟೋ ಬಾಡಿಗೆ ಎಲ್ಲವೂ ಅವರ ಪಾಲಿನದೇ.

ಮನೆಯವರು ತೆತ್ತ ಒಂದೊಂದು ರೂಪಾಯಿಯಲ್ಲಿ ಹಲಗೆ ಹಾಸಿದ ಆರು ಕೈಗಳಿಗೆ ಬಂದದ್ದು ಏಳು ಪೈಸೆ ಮತ್ತಷ್ಟು ಚಿಲ್ಲರೆ. ಚಿತ್ರ ತೆಗೆದವರಿಗೆ ಅದಕ್ಕಿಂತ ಹೆಚ್ಚು. ಸರ್ಕಾರಕ್ಕೆ ಹಲಗೆ ಹಾಸಿದವರಿಗಿಂತ ಎರಡು ಪಾಲಿಗೂ ಮಿಕ್ಕಿ. ಮೊಳೆ ಹೊಡೆಯದ, ಬೆವರು ಸುರಿಸದ ಸರ್ಕಾರ ಅದೇ ಐದು ದಿನದಲ್ಲಿ ಗಳಿಸಿತು 25,200!

ಮರಕ್ಕೆ ಬೆಲೆಯಿಲ್ಲವೆ, ಸಾಗಣೆಗೆ ಖರ್ಚಿಲ್ಲವೆ ಎಂದು ಕಂಪನಿಯವರು ಕೇಳುತ್ತಾರೆ. ಉಂಟು, ಇಲ್ಲವೆಂದವರು ಯಾರು? ಹಲಗೆಯ ಬೆಲೆಯನ್ನು ಹಲಗೆಯವನಿಗೆ ಕೊಡಲಿ. ಕೆಲಸದ ಪಾಲನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಲು ಇವರಿಗೇಕೆ ಅಳುಕು? ಹಲಗೆ ಇಷ್ಟು, ಸ್ಕ್ರೂ ಇಷ್ಟು, ಎಣ್ಣೆ ಇಷ್ಟು, ವಿನ್ಯಾಸ ಇಷ್ಟು ಎಂದು ಒಂದೊಂದು ಸಾಲು ಕೊಟ್ಟಿರುವ ಆ ಬಿಲ್ಲಿನಲ್ಲಿ ಕೂಲಿಗೆ ಸಾಲೇ ಇಲ್ಲ. ಬರೆದಿದ್ದರೆ ಆ ಹಿರಿಯರೇ ನಾಚುತ್ತಿದ್ದರು. ನಾವು ಹೇಳಿದಾಗ ನಾಚಿದರು ಕೂಡ.

ಉಳಿದ ಹಣ ಎಲ್ಲಿ ಸೋರಿತು? ಗಿರಣಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಾಬರನ ಕಾಲವನ್ನು ನಮ್ಮ ಅಪ್ಪಂದಿರು ಕಂಡವರು. ಆಳು ತರುವವನು ಅವನೇ, ಬಿಡಿಸುವವನು ಅವನೇ, ಕೂಲಿಯಲ್ಲಿ ಕೈ ಇಡುವವನೂ ಅವನೇ. ಸಂಘ ಕಟ್ಟಿ, ಹಾಜರಿ ಪಟ್ಟಿ ತರಿಸಿ, ಜಾಬರನನ್ನು ಹೂತೆವೆಂದು ನಂಬಿದ್ದೆವು. ಈಗ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ‘ವೆಂಡರ್’ ಎಂಬ ಹೆಸರಿನಲ್ಲಿ ಎದ್ದುಬಂದಿದ್ದಾನೆ. ಕಂಪನಿಯು ವೆಂಡರನಿಗೆ ಕೊಡುತ್ತದೆ, ವೆಂಡರನು ಮೇಸ್ತ್ರಿಗೆ ಕೊಡುತ್ತಾನೆ, ಮೇಸ್ತ್ರಿ ಆಳಿಗೆ ಕೊಡುತ್ತಾನೆ. ಒಂದೊಂದು ಮೆಟ್ಟಿಲಿನಲ್ಲೂ ಒಂದಿಷ್ಟು ಜಾರುತ್ತದೆ. ಚಹಾ ಅಂಗಡಿಯಲ್ಲಿ ಕೂತಿದ್ದ ಮೂವರಲ್ಲಿ ಒಬ್ಬ ಗೋರಖಪುರದ ಕಡೆಯವನು, ಇನ್ನಿಬ್ಬರು ನಮ್ಮ ಜಿಲ್ಲೆಯವರೇ. ಗಿರಣಿ ಮುಚ್ಚಿದ ಮೇಲೆ ಬೆಂಗಳೂರಿನ ಬಸ್ಸು ಹತ್ತಿದವರ ಮಕ್ಕಳು. ಉತ್ತರದವರು ಬಂದು ಕೂಲಿ ಇಳಿಸಿದರೆಂದು ನಮ್ಮವರ ಕಿವಿಯಲ್ಲಿಯೂ, ಕನ್ನಡದವರು ಜಾಸ್ತಿ ಕೇಳುತ್ತಾರೆಂದು ಅವನ ಕಿವಿಯಲ್ಲಿಯೂ ಊದುವವನು ಒಬ್ಬನೇ ವೆಂಡರು. ಅಂದು ಚಹಾದ ದುಡ್ಡು ಕೊಟ್ಟವನು ಗೋರಖಪುರದವನು. ಎಷ್ಟು ಹೇಳಿದರೂ ನಮ್ಮಿಂದ ತೆಗೆದುಕೊಳ್ಳಲಿಲ್ಲ.

ಅವರು ಹೇಳಿದ ಇನ್ನೊಂದು ಸಂಗತಿ ಕೇಳಿ ಗಂಟಲು ಕಟ್ಟಿತು. 2025ರ ಮಾರ್ಚಿಯಲ್ಲಿ ಜೆ.ಪಿ. ನಗರದ ಮನೆಯೊಂದರಲ್ಲಿ ಇವರ ಜೊತೆಗಾರ, ಮೂವತ್ತೈದರ ಬಡಗಿ, ಹಲಗೆ ಕೊಯ್ಯುವಾಗ ಯಂತ್ರಕ್ಕೆ ಎಡಗೈ ಕೊಟ್ಟ. ತೋರುಬೆರಳು ಬುಡಸಮೇತ ಹೋಯಿತು. ಯಂತ್ರದ ರಕ್ಷಣೆಯ ಮುಚ್ಚಳ ಮುರಿದು ತಿಂಗಳಾಗಿತ್ತು. ಆಸ್ಪತ್ರೆಗೆ ಕರೆದೊಯ್ದದ್ದು ಮನೆಯೊಡತಿ, ಮೊದಲ ಖರ್ಚು ಕೊಟ್ಟದ್ದೂ ಆಕೆ. ಅವರಿಗೆ ನಮಸ್ಕಾರ. ಕಂಪನಿ ಹೇಳಿದ್ದು, ‘ಅವನು ನಮ್ಮ ನೌಕರನಲ್ಲ.’ ವೆಂಡರ್ ಹೇಳಿದ್ದು, ‘ಅವನು ಮೇಸ್ತ್ರಿಯ ಆಳು.’ ಮೇಸ್ತ್ರಿಯಾದರೋ ಇವನ ಭಾವಮೈದುನನೇ, ಅವನ ಬಳಿ ಏನಿದೆ? ಕೊನೆಗೆ ವೆಂಡರನಿಂದ ಬಂದದ್ದು ಐದು ಸಾವಿರ ರೂಪಾಯಿ, ಅದೂ ‘ಮಾನವೀಯತೆಯಿಂದ’.

ಮಾನವೀಯತೆ ಬೇಡ, ಕಾನೂನು ಸಾಕು. ಆ ದಿನ ಜಾರಿಯಲ್ಲಿದ್ದದ್ದು 1923ರ ನೌಕರರ ಪರಿಹಾರ ಕಾಯಿದೆ. ಅದರ 12ನೇ ಕಲಮು ಏನು ಹೇಳುತ್ತದೆ? ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸಿದವನು, ಆ ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ತಾನೇ ಪರಿಹಾರ ತೆರಬೇಕು. ಬೇಕಾದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಡೆಕ್ಕಿಂಗ್ ಕಂಪನಿಯ ವ್ಯಾಪಾರವೇ ಹಲಗೆ ಹಾಸುವುದು, ಆದ್ದರಿಂದ ‘ನಮ್ಮ ನೌಕರನಲ್ಲ’ ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಪಾಲು ನಷ್ಟವೆಂದು ಕಾಯಿದೆಯ ಪಟ್ಟಿಯಲ್ಲೇ ಅಚ್ಚಾಗಿದೆ. ಲೆಕ್ಕ ಹೀಗೆ: ಪರಿಹಾರಕ್ಕಾಗಿ ಹಿಡಿಯುವ ತಿಂಗಳ ಕೂಲಿಗೆ 2020ರ ಜನವರಿಯಿಂದ 15,000 ರೂಪಾಯಿಯ ಮಿತಿ, ಅದರ ನೂರಕ್ಕೆ 60 ಎಂದರೆ 9,000. ಮೂವತ್ತೈದು ವಯಸ್ಸಿಗೆ ಗೊತ್ತುಮಾಡಿದ ಅಂಕ 197.06. ಗುಣಿಸಿ, ಅದರಲ್ಲಿ ನೂರಕ್ಕೆ 14 ತೆಗೆದರೆ 2,48,295 ರೂಪಾಯಿ. ಆತನಿಗೆ ನ್ಯಾಯವಾಗಿ ಬರಬೇಕಾದದ್ದು ಎರಡೂವರೆ ಲಕ್ಷದ ಹತ್ತಿರ. ಬಂದದ್ದು ಐದು ಸಾವಿರ. ಇದಕ್ಕೆ ಯಾವ ಹೆಸರಿಡಬೇಕೆಂದು ಓದುಗರೇ ಹೇಳಲಿ.

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಗುತ್ತಿಗೆಗೆ ಕೊಟ್ಟವನೇ ಪರಿಹಾರ ತೆರಬೇಕೆಂಬ ನಿಯಮವನ್ನು ಅಲ್ಲಿಯೂ ಉಳಿಸಿದ್ದಾರೆ, ಅಷ್ಟು ಪುಣ್ಯ. ಆದರೆ ಕಟ್ಟಡ ಕಾರ್ಮಿಕರ ಮಟ್ಟಿಗೆ ಒಂದು ತೂತು ಬಿಟ್ಟಿದ್ದಾರೆ. 1996ರ ಕಾಯಿದೆಯಲ್ಲಿ ಸ್ವಂತ ವಾಸದ ಮನೆಯ ಕೆಲಸ 10 ಲಕ್ಷ ರೂಪಾಯಿ ದಾಟದಿದ್ದರೆ ಅದನ್ನು ಲೆಕ್ಕದಿಂದ ಬಿಡುತ್ತಿದ್ದರು. ಸಾಮಾಜಿಕ ಭದ್ರತೆಯ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ಹತ್ತಕ್ಕಿಂತ ಕಡಮೆ ಆಳುಗಳ ಕೆಲಸವೂ ಹೊರಗೆ. ಐವತ್ತು ಲಕ್ಷದ ಹಲಗೆ ನೆಲವನ್ನು ಕಂಡವರುಂಟೆ? ಒಂದು ಮನೆಯ ಕೈತೋಟದಲ್ಲಿ ಹತ್ತು ಬಡಗಿಗಳು ನಿಲ್ಲಲು ಜಾಗವಾದರೂ ಎಲ್ಲಿದೆ? ಮೂವರ ತಂಡ, ಒಂದೂವರೆ ಲಕ್ಷದ ಕೆಲಸ. ಕಟ್ಟಡ ಕೆಲಸವೆಂಬ ಮಾತಿನ ಅರ್ಥದಿಂದಲೇ ಇವರನ್ನು ಹೊರಗೆ ದೂಡಿದ್ದಾಯಿತು. ವರ್ಷವಿಡೀ ನೂರು ಮನೆಗಳ ಕೆಲಸ ಹಿಡಿಯುವ ಕಂಪನಿಯನ್ನು ಒಂದೊಂದು ಮನೆಯ ಲೆಕ್ಕದಲ್ಲಿ ಅಳೆಯುವ ಈ ಜಾಣತನಕ್ಕೆ ಏನೆನ್ನೋಣ?

ಧೂಳಿನ ಮಾತೂ ಇದೆ. ಮರದ ಧೂಳು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಬರೆದಿಟ್ಟಿತು. ಮೂಗಿನೊಳಗೆ ಹುಟ್ಟುವ ಕ್ಯಾನ್ಸರ್ ಅದು. ಹತ್ತಿಯ ಧೂಳಿಗೆ ಕೆಮ್ಮಿದ ನಮ್ಮವರಿಗೆ ಇದು ಅರ್ಥವಾಗದ ಮಾತಲ್ಲ. ಸಿದ್ದಾಪುರದ ಮೂವರೂ ಮೂಗಿಗೆ ಕಟ್ಟಿಕೊಳ್ಳುವುದು ಟವೆಲ್ಲು.

ಇನ್ನು ಸಣ್ಣ ವ್ಯಾಪಾರಿಗಳು. ತಮಗೂ ಇದಕ್ಕೂ ಏನು ಸಂಬಂಧವೆಂದು ಅವರು ಪುಟ ಮಗುಚುವುದು ಬೇಡ. ಲಾಲ್‌ಬಾಗಿನಿಂದ ಕೂಗಳತೆಯಲ್ಲಿ ಸಿದ್ದಯ್ಯ ರಸ್ತೆ, ಅದು ಮರ ಮತ್ತು ಪ್ಲೈವುಡ್ ಅಂಗಡಿಗಳ ಬೀದಿ. ಹಿಂದೆ ಮನೆಯವರು ಬಡಗಿಯನ್ನು ಕರೆದುಕೊಂಡು ಅಂಗಡಿಗೆ ಬರುತ್ತಿದ್ದರು, ಬಡಗಿ ಹಲಗೆ ಆರಿಸುತ್ತಿದ್ದ, ಮನೆಯವರು ಅಲ್ಲೇ ಹಣ ಕೊಡುತ್ತಿದ್ದರು. ಈಗ ಕಂಪನಿಯ ಹುಡುಗ ಫೋನಿನಲ್ಲಿ ಆರ್ಡರ್ ಕೊಡುತ್ತಾನೆ, ಮಾಲು ಹೋಗುತ್ತದೆ, ಹಣ ಮೂರು ತಿಂಗಳಿಗೆ. ಗಿರಾಕಿಯಿಂದ ಕಂಪನಿ ಮುಂಗಡ ಎತ್ತಿರುತ್ತದೆ, ನೆನಪಿರಲಿ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆಯುಂಟಲ್ಲ ಎಂದು ಕೇಳಿದೆವು. ಅಂಗಡಿಯವರೊಬ್ಬರು ನಕ್ಕರು. 2021ರ ಜುಲೈಯಲ್ಲಿ ವ್ಯಾಪಾರಿಗಳಿಗೂ ಆ ನೋಂದಣಿ ತೆರೆದರು, ಆದರೆ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಹಣ ತಡೆದವನಿಂದ ಬಡ್ಡಿ ಕೇಳುವ ಹಕ್ಕು ಕಾರ್ಖಾನೆಯವನಿಗುಂಟು, ಅಂಗಡಿಯವನಿಗಿಲ್ಲ. ಅಂದರೆ ಸಾಲ ಮಾಡು, ಮಾಲು ಕೊಡು, ಕಾಯುತ್ತಾ ಕೂಡು! ಬಡಗಿಯ ಕೂಲಿ ತಡೆದವನೇ ಅಂಗಡಿಯವನ ಹಣವನ್ನೂ ತಡೆದಿದ್ದಾನೆ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಮಾತಾಡುವುದು ಯಾವಾಗ?

ಜಗಲಿಯ ಮಾತು ಬಂದದ್ದರಿಂದ ಹೇಳುತ್ತೇವೆ. ಮನೆಯ ಹೊರಗೆ ಕೂರುವ ಸುಖವನ್ನು ನಮ್ಮವರಿಗೆ ಡೆಕ್ಕಿನವರು ಬಂದು ಕಲಿಸಬೇಕಾಗಿರಲಿಲ್ಲ. ಜಗಲಿ ಬೀದಿಯ ಕಡೆಗೆ ಮುಖಮಾಡಿತ್ತು. ದಾರಿಹೋಕ ಕೂತು ನೀರು ಕುಡಿಯುತ್ತಿದ್ದ, ತರಕಾರಿಯವಳು ಬುಟ್ಟಿ ಇಳಿಸುತ್ತಿದ್ದಳು. (ಎಲ್ಲರನ್ನೂ ಜಗಲಿಗೆ ಬಿಟ್ಟುಕೊಂಡರೆಂದು ಸುಳ್ಳು ಹೇಳಲಾರೆವು. ಯಾರನ್ನು ಅಂಗಳದಾಚೆಯೇ ನಿಲ್ಲಿಸಿದರೆಂಬುದು ನಮಗೆಲ್ಲ ಗೊತ್ತು.) ಡೆಕ್ಕಾದರೋ ಎತ್ತರದ ಗೋಡೆಯ ಒಳಗೆ, ಕ್ಯಾಮರಾದ ಕೆಳಗೆ. ಅದನ್ನು ಹಾಸಿದವನೇ ಕೆಲಸ ಮುಗಿದ ಮರುದಿನ ಹೋದರೆ ಗೇಟಿನಲ್ಲಿ ಹೆಸರು ಬರೆಸಬೇಕು.

ಹಲಗೆ ಬರುವುದೆಲ್ಲಿಂದ? ಅತಿ ಸಿರಿವಂತರಿಗೆ ಬ್ರೆಜಿಲಿನ ಕಾಡಿನ ‘ಇಪೆ’ ಮರವೇ ಆಗಬೇಕು. ಅದನ್ನು ಕಡಿದ ರಭಸ ಕಂಡು, ಪರವಾನಗಿ ಇಲ್ಲದೆ ದೇಶ ದಾಟಿಸಬಾರದೆಂದು ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2022ರಲ್ಲಿ ತೀರ್ಮಾನವಾಗಿ 2024ರ ನವೆಂಬರಿನಿಂದ ಜಾರಿಗೆ ಬಂತು. ಬರ್ಮಾದ ತೇಗವೆಂದು ಎದೆ ತಟ್ಟಿಕೊಳ್ಳುವವರು, 2021ರ ಫೆಬ್ರುವರಿಯಲ್ಲಿ ಅಲ್ಲಿನ ಸೇನೆ ಜನರ ಸರ್ಕಾರವನ್ನು ಕೆಡವಿತೆಂಬುದನ್ನೂ, ಮರದ ವ್ಯಾಪಾರ ಅಲ್ಲಿ ಸರ್ಕಾರದ ಕೈಯಲ್ಲಿದೆಯೆಂಬುದನ್ನೂ ನೆನೆಯಲಿ. ಮಧ್ಯಮ ವರ್ಗದವರಿಗೆ ಮರದ ಹುಡಿ ಮತ್ತು ಪ್ಲಾಸ್ಟಿಕ್ಕು ಕಲಸಿ ಅಚ್ಚೊತ್ತಿದ ಹಲಗೆ. ಕೊಳೆಯುವುದಿಲ್ಲವೆಂಬುದೇ ಅದರ ಹೆಚ್ಚುಗಾರಿಕೆಯಂತೆ. ಬಿಸಿಲಿನಲ್ಲಿ ಬರಿಗಾಲಿಟ್ಟು ನೋಡಿ.

ಮಣ್ಣಿನ ವಿಚಾರಕ್ಕೆ ಬರೋಣ. 1948ರಲ್ಲಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ, ಅಗಲ ರಸ್ತೆ, ಉದ್ಯಾನ, ಮನೆಯ ಸುತ್ತ ಖಾಲಿ ಜಾಗ ಎಲ್ಲವನ್ನೂ ನಕ್ಷೆಯಲ್ಲಿ ಬಿಟ್ಟಿದ್ದರು. ಸಿದ್ದಾಪುರಕ್ಕೊಂದು ಕೆರೆಯೂ ಇತ್ತು, ಅದರ ಮೇಲೆ ಮನೆಗಳು ಎದ್ದವು. ಕೆರೆ ಹೋಯಿತು, ಆಮೇಲೆ ಮನೆಯ ಸುತ್ತಲ ಮಣ್ಣಿಗೆ ಸಿಮೆಂಟು ಬಂತು, ಈಗ ಸಿಮೆಂಟಿನ ಮೇಲೆ ಕಾಡಿನ ನೆನಪಿಗೆ ಹಲಗೆ! 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ, ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಕಾವೇರಿಯ ನೀರು ನೂರು ಕಿಲೋಮೀಟರ್ ದೂರದಿಂದ ಮೇಲೇರಿ ಬರಬೇಕಾದ ಊರಿನಲ್ಲಿ ಬಿದ್ದ ಮಳೆ ಮಾತ್ರ ಚರಂಡಿಗೆ.

ಹಲಗೆ ನೆಲವೇ ತಪ್ಪೆಂದು ನಾವು ಹೇಳುವುದಿಲ್ಲ. ಇದನ್ನು ನಮಗೆ ತಿಳಿಸಿದವನೂ ಬಡಗಿಯೇ. ಮಣ್ಣಿನ ಮೇಲೆ ಅಲ್ಲಲ್ಲಿ ಕಲ್ಲು ಕೂರಿಸಿ, ಅದರ ಮೇಲೆ ಚೌಕಟ್ಟು ಎತ್ತಿ, ಸಂದು ಬಿಟ್ಟು ಹಲಗೆ ಹಾಸಿದರೆ ಮಳೆ ನೀರು ಸಂದಿನಿಂದಿಳಿದು ಮಣ್ಣಿಗೇ ಹೋಗುತ್ತದೆ. ಟೈಲಿಗಿಂತ ಸಾವಿರ ಪಾಲು ವಾಸಿ. ಬನಶಂಕರಿಯ ಮನೆಯೊಂದರಲ್ಲಿ ಅವನು ಹಾಗೆಯೇ ಮಾಡೋಣವೆಂದ. ನಕ್ಷೆಯಲ್ಲಿ ಕಾಂಕ್ರೀಟ್ ತಳವಿದೆ, ನಿನ್ನ ಅಧಿಕಪ್ರಸಂಗ ಬೇಡವೆಂದರು. ತಳ ಹಾಕಿದರು. ಇಳಿಜಾರು ಕೊಡಲಿಲ್ಲ. ಮಳೆಗಾಲದಲ್ಲಿ ನೀರು ನಿಂತು ಅಡ್ಡಪಟ್ಟಿ ಕೊಳೆತು ಹಲಗೆ ಎದ್ದುಕೂತಿತು. ದೂರು ಬಂದಾಗ ನಕ್ಷೆ ಬರೆದವರನ್ನು ಯಾರೂ ಕರೆಯಲಿಲ್ಲ. ಬಡಗಿಯನ್ನು ಕರೆಸಿ, ಎರಡು ದಿನ ಪುಕ್ಕಟೆ ಕೆಲಸ ಮಾಡಿಸಿ, ಹಳೆಯ ಬಾಕಿಯಲ್ಲಿ ಮೂರು ಸಾವಿರ ಮುರಿದುಕೊಂಡರು. ತಪ್ಪು ವೃತ್ತಿಪರರದು, ದಂಡ ಲೇಬರಿನದು.

ಅನ್ಯರ ಮನೆಯ ಅಂದ ಕಂಡು ಹೊಟ್ಟೆಕಿಚ್ಚೆಂದು ಕೆಲವರು ಹಳೆಯ ರಾಗ ತೆಗೆದಾರು. ಕೈತೋಟ ಯಾರಿಗೆ ಬೇಡ? ಸಿದ್ದಾಪುರದ ಕಿರುಕೇರಿಗಳಲ್ಲಿ ಎಣ್ಣೆ ಡಬ್ಬಿಯಲ್ಲಿ ತುಳಸಿ, ಒಡೆದ ಬಕೀಟಿನಲ್ಲಿ ದಾಸವಾಳ ಬೆಳೆಸಿರುವುದನ್ನು ನೋಡಿಬಂದೆವು. ನಮ್ಮ ಜಗಳ ಅಂದದ ಮೇಲಲ್ಲ, ಬಿಲ್ಲಿನ ಮೇಲೆ.

ಆ ಬಿಲ್ಲಿನಲ್ಲಿ ಕೂಲಿಗೆ ಒಂದು ಸಾಲು ಬರಬೇಕು. ಎಷ್ಟು ಆಳು, ಎಷ್ಟು ದಿನ, ಎಷ್ಟು ಹಣವೆಂದು ಮನೆಯವರಿಗೂ ಕಾಣಬೇಕು, ಬಡಗಿಗೂ ಕಾಣಬೇಕು. ಕೆಲಸಕ್ಕೆ ಇಳಿದವರ ಹೆಸರಿನ ಹಾಜರಿ ಕಂಪನಿಯ ಬಳಿ ಇರಬೇಕು, ವೆಂಡರನ ಕಿಸೆಯಲ್ಲಲ್ಲ. ಬ್ಲೇಡು, ಯಂತ್ರ, ಮುಖಕವಚ ಕಂಪನಿಯ ಖರ್ಚು. ಐವತ್ತು ಲಕ್ಷದ ಮಿತಿಯನ್ನು ಕಂಪನಿಯ ವರ್ಷದ ಒಟ್ಟು ಕೆಲಸಕ್ಕೆ ಅನ್ವಯಿಸಬೇಕು, ಒಂದೊಂದು ಮನೆಗಲ್ಲ. 45 ದಿನದ ಹಕ್ಕು ಅಂಗಡಿಯವನಿಗೂ ಸಿಗಬೇಕು. ಇಷ್ಟನ್ನು ಬರೆದು ಬಡಗಿಗಳೂ ಸಿದ್ದಯ್ಯ ರಸ್ತೆಯ ಕೆಲವು ಅಂಗಡಿಯವರೂ ಒಂದೇ ಹಾಳೆಗೆ ರುಜು ಹಾಕುವ ಮಾತಾಗಿದೆ. ಎಷ್ಟು ರುಜು ಬೀಳುತ್ತವೋ ನೋಡಬೇಕು. ವೆಂಡರನ ಭಯ ಎರಡೂ ಕಡೆ ಇದೆ.

ಬೆರಳು ಕಳೆದುಕೊಂಡ ಬಡಗಿ ಈಗ ಊರಿಗೆ ಮರಳಿದ್ದಾನೆ, ಉಳಿ ಹಿಡಿಯಲು ಮತ್ತೆ ಕಲಿಯುತ್ತಿದ್ದಾನೆ. ಹಳೆಯ ಕಾಯಿದೆಯಂತೆ ಅಪಘಾತದಿಂದ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು. ಆ ಗಡುವಿನೊಳಗೇ ಅವನ ಅರ್ಜಿ ಪರಿಹಾರ ಆಯುಕ್ತರ ಮುಂದೆ ಹೋಗಿದೆ. ಜೆ.ಪಿ. ನಗರದ ಆ ಮನೆಯೊಡತಿ ಕಂಪನಿಗೆ ತಾನು ಕೊಟ್ಟ ಹಣದ ರಸೀದಿಗಳನ್ನು ಒಪ್ಪಿಸಿದ್ದಾರೆ, ಸಾಕ್ಷಿ ನುಡಿಯಲೂ ಬರುವೆನೆಂದಿದ್ದಾರೆ. ಕಂಪನಿಯ ವಕೀಲರು ಎರಡು ಸಲ ವಾಯಿದೆ ಕೇಳಿ ಪಡೆದಿದ್ದಾರೆ. ಮುಂದಿನ ದಿನ ಗೊತ್ತಾದೊಡನೆ ಈ ಪತ್ರಿಕೆಯಲ್ಲಿ ತಿಳಿಸುತ್ತೇವೆ. ಬೆಂಗಳೂರಿಗೆ ಬರಬಲ್ಲ ಮಿತ್ರರು ಆ ದಿನ ಬಂದು ನ್ಯಾಯಾಲಯದಲ್ಲಿ ಅವನ ಪಕ್ಕದ ಬೆಂಚಿನಲ್ಲಿ ಕೂರಬೇಕು.